ಪ್ರೆಪ್ ಮಾತ್ರೆ ಇದೆ, ಆದರೆ ಸೂಜಿಯಿಂದ ಮಾದಕ ವಸ್ತು ಬಳಸುವವರಿಗೆ ಅದು ಏಕೆ ತಲುಪುತ್ತಿಲ್ಲ?

ಪ್ರಶ್ನೆ
ಕೇಳಿದವರು: ಸಮಾಜಕಾರ್ಯ_ವಿದ್ಯಾರ್ಥಿನಿ

ಎಚ್‌ಐವಿ ಸೋಂಕು ತಗಲುವ ಮೊದಲೇ ತೆಗೆದುಕೊಳ್ಳುವ ತಡೆಗಟ್ಟುವ ಔಷಧ, ಅಂದರೆ ಪ್ರೆಪ್, ಬಳಕೆಗೆ ಬಂದು ಹತ್ತು ವರ್ಷಗಳ ಮೇಲಾಯಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಟೆನೊಫೊವಿರ್ ಮತ್ತು ಎಮ್‌ಟ್ರಿಸಿಟಾಬಿನ್ ಸೇರಿದ ಮಾತ್ರೆಗೆ ಈ ಉದ್ದೇಶಕ್ಕಾಗಿ 2012ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತು. ಸೋಂಕಿನ ಅಪಾಯ ಗಣನೀಯವಾಗಿರುವ ಎಲ್ಲರಿಗೂ ಇದನ್ನು ನೀಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಶಿಫಾರಸು ಮಾಡಿತು. ಆ 'ಎಲ್ಲರ' ಪೈಕಿ, ಸೂಜಿಯ ಮೂಲಕ ಮಾದಕ ವಸ್ತು ತೆಗೆದುಕೊಳ್ಳುವವರೂ ಸೇರಿದ್ದಾರೆ. ಆದರೆ ನಾನು ಓದಿದ ಬಹುಪಾಲು ಬರಹಗಳಲ್ಲಿ ಪ್ರೆಪ್ ಎಂದರೆ ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕಿನ ಮಾತೇ ಹೊರತು, ಹಂಚಿಕೊಂಡ ಸಿರಿಂಜಿನಿಂದ ಹರಡುವ ಸೋಂಕಿನ ಪ್ರಸ್ತಾಪ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುತ್ತದೆ.

ಈ ಗುಂಪಿನಲ್ಲಿ ಪ್ರೆಪ್ ಬಳಕೆ ತೀರ ಕಡಿಮೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಕಾರಣ ಕೇಳಿದರೆ ಮಾತ್ರ "ಅವರು ಶಿಸ್ತಿನಿಂದ ಮಾತ್ರೆ ನುಂಗುವವರಲ್ಲ" ಎಂಬ ಒಂದೇ ಉತ್ತರ ಸಿಗುತ್ತದೆ. ನನಗೆ ಇದು ಪೂರ್ಣ ಉತ್ತರವೆಂದು ಅನ್ನಿಸುತ್ತಿಲ್ಲ. ಅವರಿಗೆ ಔಷಧ ಬೇಡವಾಗಿದೆಯೇ, ವೈದ್ಯರು ಬರೆದುಕೊಡುತ್ತಿಲ್ಲವೇ, ಇಲ್ಲವೇ ರಕ್ತದ ಮೂಲಕ ಬರುವ ಸೋಂಕಿಗೆ ಆ ಔಷಧವೇ ಅಷ್ಟಾಗಿ ಕೆಲಸ ಮಾಡುವುದಿಲ್ಲವೇ? ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ಅಥವಾ ಸ್ವತಃ ಇದನ್ನು ಅನುಭವಿಸಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ
ಬರೆದವರು: ಔಷಧಾಲಯದ_ಕಿಟಕಿ

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಪುರಾವೆ ಸಹಿತ ಉತ್ತರವಿದೆ. ಬ್ಯಾಂಕಾಕಿನ 17 ಮಾದಕ ವ್ಯಸನ ಚಿಕಿತ್ಸಾ ಕೇಂದ್ರಗಳಲ್ಲಿ 2005ರಿಂದ 2012ರವರೆಗೆ ನಡೆದ ಟೆನೊಫೊವಿರ್ ಅಧ್ಯಯನದಲ್ಲಿ 2,413 ಮಂದಿ ಭಾಗವಹಿಸಿದ್ದರು. ಅವರಲ್ಲಿ ಅರ್ಧದಷ್ಟು ಜನರಿಗೆ ದಿನವೂ ಟೆನೊಫೊವಿರ್, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ ಕೊಡಲಾಯಿತು. ಹೊಸದಾಗಿ ಸೋಂಕಿತರಾದ 50 ಮಂದಿಯಲ್ಲಿ 17 ಮಂದಿ ಔಷಧದ ಗುಂಪಿನವರು, 33 ಮಂದಿ ಹುಸಿಮಾತ್ರೆಯ ಗುಂಪಿನವರು. ಅಂದರೆ ಸೋಂಕು ಸುಮಾರು 49% ಇಳಿಯಿತು. ರಕ್ತದಲ್ಲಿ ಔಷಧದ ಅಂಶ ಪತ್ತೆಯಾದವರನ್ನಷ್ಟೇ ನೋಡಿದಾಗ ರಕ್ಷಣೆ 70%ಕ್ಕೂ ಮೇಲಿತ್ತು. 2013ರ ಜೂನ್‌ನಲ್ಲಿ ಫಲಿತಾಂಶ ಪ್ರಕಟವಾದ ಬೆನ್ನಿಗೇ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಈ ಗುಂಪಿಗೂ ಪ್ರೆಪ್ ನೀಡಲು ಮಾರ್ಗಸೂಚಿ ಹೊರಡಿಸಿತು.

ಲೈಂಗಿಕ ಮಾರ್ಗದ ಸೋಂಕಿನಲ್ಲಿ, ಸರಿಯಾಗಿ ತೆಗೆದುಕೊಂಡರೆ, ಪ್ರೆಪ್ ಕೊಡುವ ರಕ್ಷಣೆಯನ್ನು ಸುಮಾರು 99% ಎಂದು ಹೇಳುತ್ತಾರೆ. ಇಲ್ಲಿ ಸಿಕ್ಕ ಅಂಕಿ ಅದಕ್ಕಿಂತ ಕಡಿಮೆ ಎಂಬುದು ನಿಜ. ಆದರೆ ಸೂಜಿಯ ಮಾರ್ಗದ ಬಗ್ಗೆ ಇಂಥ ದೊಡ್ಡ ಪ್ರಯೋಗ ನಡೆದಿದ್ದು ಇದೊಂದೇ, ಅದರಲ್ಲಿ ಬಳಸಿದ್ದು ಟೆನೊಫೊವಿರ್ ಒಂದನ್ನೇ. ಈಗಿನ ಜೋಡಿ ಔಷಧವನ್ನಲ್ಲ. ಆದ್ದರಿಂದ 'ಕಡಿಮೆ' ಎಂಬ ಅಂಕಿಯನ್ನು ಅಂತಿಮ ತೀರ್ಪೆಂದು ತಿಳಿಯಬಾರದು.

ಕೆಲವು ತಾಂತ್ರಿಕ ಅಂಶಗಳು ಬಳಕೆದಾರರಿಗೆ ನೇರವಾಗಿ ತೊಡಕಾಗುತ್ತವೆ. ಸೂಜಿಯ ಮಾರ್ಗದಲ್ಲಿ ಪೂರ್ಣ ರಕ್ಷಣೆ ಸಿಗಲು ಸುಮಾರು 21 ದಿನ ಪ್ರತಿನಿತ್ಯ ಮಾತ್ರೆ ತೆಗೆದುಕೊಳ್ಳಬೇಕೆಂದು ಅಂದಾಜಿಸಲಾಗಿದೆ. ಲೈಂಗಿಕ ಸಂಪರ್ಕಕ್ಕೆ ಮುಂಚೆ ಎರಡು, ಆಮೇಲೆ ಒಂದೊಂದು ಎಂದು ಕೆಲವು ಪುರುಷರು ಅನುಸರಿಸುವ 'ಅಗತ್ಯವಿದ್ದಾಗ ಮಾತ್ರ' ಕ್ರಮವನ್ನು ಸೂಜಿಯ ಅಪಾಯಕ್ಕೆ ಶಿಫಾರಸು ಮಾಡಿಲ್ಲ. ಆರಂಭಿಸುವ ಮೊದಲು ಎಚ್‌ಐವಿ ಇಲ್ಲವೆಂದು ಖಚಿತಪಡಿಸಬೇಕು, ಮೂತ್ರಪಿಂಡದ ಕಾರ್ಯವನ್ನೂ ಹೆಪಟೈಟಿಸ್ ಬಿ ಇದೆಯೇ ಎಂಬುದನ್ನೂ ನೋಡಬೇಕು, ಅನಂತರ ಮೂರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆ ಮಾಡಿಸಬೇಕು. ಹೆಪಟೈಟಿಸ್ ಬಿ ಇರುವವರು ಟೆನೊಫೊವಿರ್ ಅನ್ನು ಹಠಾತ್ತನೆ ಬಿಟ್ಟರೆ ಯಕೃತ್ತಿನ ಉರಿಯೂತ ಉಲ್ಬಣಿಸಬಹುದು; ಮಾತ್ರೆ ಆಗಾಗ ತಪ್ಪಿಹೋಗುವವರ ವಿಷಯದಲ್ಲಿ ಇದು ಸಣ್ಣ ಸಂಗತಿಯಲ್ಲ.

ಹೆರಾಯಿನ್‌ನಂಥ ವಸ್ತುಗಳ ಬದಲಿಗೆ ಚಿಕಿತ್ಸೆಯಾಗಿ ಕೊಡುವ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ತೆಗೆದುಕೊಳ್ಳುತ್ತಿರುವವರು "ಈ ಮಾತ್ರೆ ನನ್ನ ಡೋಸನ್ನು ಕೆಡಿಸುತ್ತದೆಯೇ" ಎಂದು ಕೇಳುವುದು ಸಹಜ. ಎಚ್‌ಐವಿ ಚಿಕಿತ್ಸೆಯ ಕೆಲವು ಹಳೆಯ ಔಷಧಗಳು ಮೆಥಡೋನಿನ ಪ್ರಮಾಣವನ್ನು ನಿಜವಾಗಿಯೂ ಇಳಿಸಿ ಜನರನ್ನು ಡೋಸ್ ಸಾಲದಾಗಿನ ಒದ್ದಾಟಕ್ಕೆ ನೂಕುತ್ತಿದ್ದವು, ಆ ನೆನಪು ಈ ವಲಯದಲ್ಲಿ ಇನ್ನೂ ಅಳಿದಿಲ್ಲ. ಟೆನೊಫೊವಿರ್–ಎಮ್‌ಟ್ರಿಸಿಟಾಬಿನ್‌ಗೆ ಆ ದೋಷವಿಲ್ಲ. ಕೇಳಿದವರಿಗೆ ಇದನ್ನು ಸ್ಪಷ್ಟವಾಗಿ ಹೇಳುವವರು ಬೇಕು, ಅಷ್ಟೆ.

ಉತ್ತರ
ಬರೆದವರು: ಸೂಜಿಕೇಂದ್ರದ_ಕೆಲಸಗಾರ

ಬಳಸಿದ ಸೂಜಿ ಪಡೆದು ಹೊಸದನ್ನು ಕೊಡುವ ಸೂಜಿ ವಿನಿಮಯ ಕೇಂದ್ರವೊಂದರಲ್ಲಿ ಬಹುಕಾಲ ಕೆಲಸ ಮಾಡಿದವನ ದೃಷ್ಟಿಯಿಂದ ಉಳಿದ ಎರಡು ಪ್ರಶ್ನೆಗಳಿಗೆ ಉತ್ತರಿಸುತ್ತೇನೆ.

ಮೊದಲನೆಯದಾಗಿ, ಬಹಳ ಮಂದಿಗೆ ಇಂಥದ್ದೊಂದು ಔಷಧವಿದೆಯೆಂಬುದೇ ಗೊತ್ತಿಲ್ಲ. ಕೇಳಿದವರಲ್ಲೂ ಅನೇಕರು ಅದನ್ನು ಸಲಿಂಗಕಾಮಿ ಪುರುಷರ ಔಷಧವೆಂದು ಭಾವಿಸಿದ್ದಾರೆ. ಪ್ರಚಾರದ ಚಿತ್ರಗಳೂ ಬರಹಗಳೂ ಅವರನ್ನೇ ಉದ್ದೇಶಿಸಿರುವಾಗ ಹಾಗೆ ಭಾವಿಸಿದ್ದು ಅವರ ತಪ್ಪಲ್ಲ. ಇದರ ಜೊತೆಗೆ ಅಪಾಯದ ಅಂದಾಜೂ ಬೇರೆಯಾಗಿರುತ್ತದೆ. "ನಾನು ನನ್ನ ಸಂಗಾತಿಯೊಂದಿಗೆ ಮಾತ್ರ ಸೂಜಿ ಹಂಚಿಕೊಳ್ಳುತ್ತೇನೆ" ಎಂದು ಹೇಳುವವರು ತಮ್ಮನ್ನು 'ಹಂಚಿಕೊಳ್ಳುವವರು' ಎಂದು ಎಣಿಸುವುದೇ ಇಲ್ಲ. ಸೂಜಿ ಸ್ವಂತದ್ದಾದರೂ, ಪುಡಿಯನ್ನು ಕರಗಿಸುವ ಚಮಚ, ಸೋಸುವ ಹತ್ತಿ, ತೊಳೆಯುವ ನೀರು ಒಂದೇ ಆಗಿದ್ದರೆ ಅಲ್ಲೂ ಅಪಾಯವಿದೆ ಎಂಬುದು ಎಷ್ಟೋ ಜನರ ಲೆಕ್ಕಕ್ಕೆ ಬಂದಿರುವುದಿಲ್ಲ.

ಆದರೆ ಅರಿವು ಮೂಡಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿಗೆ ಬರುವ ಮನುಷ್ಯನಿಗೆ ಬೆಳಿಗ್ಗೆ ಎದ್ದಾಗ ಮೈ ನಡುಗುತ್ತಿರುತ್ತದೆ, ಹೊಟ್ಟೆ ತೊಳಸುತ್ತಿರುತ್ತದೆ. ಮುಂದಿನ ಡೋಸ್ ಎಲ್ಲಿಂದ ಎಂಬುದು ಅವನ ಮೊದಲ ಚಿಂತೆ, ರಾತ್ರಿ ಎಲ್ಲಿ ಮಲಗುವುದೆಂಬುದು ಎರಡನೆಯದು, ಪೊಲೀಸರು ಮೂರನೆಯದು. ಎಂದೋ ಬರಬಹುದಾದ ಸೋಂಕು ಆ ಸಾಲಿನಲ್ಲಿ ಬಹಳ ಹಿಂದೆ ನಿಂತಿರುತ್ತದೆ. ಅವನು ತನ್ನ ಆರೋಗ್ಯದ ಬಗ್ಗೆ ಅಸಡ್ಡೆಯವನೆಂದು ಇದರ ಅರ್ಥವಲ್ಲ, ತುರ್ತಾದದ್ದನ್ನು ಮೊದಲು ಮಾಡುತ್ತಾನೆಂದಷ್ಟೇ ಅರ್ಥ. ಆ ಸ್ಥಿತಿಯಲ್ಲಿ ನೀವು ಆಗಲಿ ನಾನಾಗಲಿ ಬೇರೆಯಾಗಿ ವರ್ತಿಸುತ್ತಿದ್ದೆವೆಂದು ನನಗೆ ಅನ್ನಿಸುವುದಿಲ್ಲ.

ಇಂಥವನು ಪ್ರೆಪ್ ಬೇಕೆಂದು ಕೇಳಿದ ಎಂದಿಟ್ಟುಕೊಳ್ಳಿ. ನಮ್ಮ ಕೇಂದ್ರದಲ್ಲಿ ಬರೆದುಕೊಡುವ ವೈದ್ಯರಿಲ್ಲ, ಆದ್ದರಿಂದ ಆಸ್ಪತ್ರೆಗೆ ಕಳಿಸುತ್ತೇವೆ. ಎಚ್‌ಐವಿ ವಿಭಾಗದವರು, "ನಾವು ಸೋಂಕಿತರನ್ನು ನೋಡುವವರು, ಇದು ಸಾಮಾನ್ಯ ವೈದ್ಯರ ಕೆಲಸ" ಎನ್ನುತ್ತಾರೆ. ಸಾಮಾನ್ಯ ವೈದ್ಯರು, "ಇದು ವೈರಾಣು ನಿರೋಧಕ ಔಷಧ, ತಜ್ಞರ ಕೆಲಸ" ಎನ್ನುತ್ತಾರೆ. ವ್ಯಸನ ಚಿಕಿತ್ಸೆಯ ವೈದ್ಯರಿಗೆ ಅವನ ಪರಿಚಯ ಎಲ್ಲರಿಗಿಂತ ಚೆನ್ನಾಗಿದ್ದರೂ, ಅವರ ವಿಭಾಗದ ಔಷಧಗಳ ಪಟ್ಟಿಯಲ್ಲಿ ಪ್ರೆಪ್ ಇರುವುದಿಲ್ಲ. ಮೂರು ಬಾಗಿಲು ತಟ್ಟುವಷ್ಟರಲ್ಲಿ ಅವನ ಅರ್ಧ ದಿನ ಹೋಗಿರುತ್ತದೆ, ಒದ್ದಾಟ ಆರಂಭವಾಗಿರುತ್ತದೆ. ಮರುದಿನ ಬಾರದಿದ್ದರೆ "ಆಸಕ್ತಿಯಿಲ್ಲ" ಎಂದು ಕಡತದಲ್ಲಿ ಬರೆಯಲಾಗುತ್ತದೆ.

ವೈದ್ಯರನ್ನು ಕಂಡರೂ ರಕ್ತ ತೆಗೆಯುವ ಘಟ್ಟದಲ್ಲಿ ಇನ್ನೊಂದು ಅಡ್ಡಿ ಎದುರಾಗುತ್ತದೆ. ಸಭೆಗಳಲ್ಲಿ ಇದರ ಬಗ್ಗೆ ಯಾರೂ ಮಾತನಾಡಿದ್ದನ್ನು ನಾನು ಕೇಳಿಲ್ಲ. ವರ್ಷಗಟ್ಟಲೆ ಚುಚ್ಚಿಕೊಂಡವರ ರಕ್ತನಾಳಗಳು ಗಟ್ಟಿಯಾಗಿ ಮುಚ್ಚಿಹೋಗಿರುತ್ತವೆ. ಅನುಭವವಿಲ್ಲದವರು ನಾಲ್ಕೈದು ಕಡೆ ಚುಚ್ಚಿ ನೋಡುತ್ತಾರೆ, ಪಕ್ಕದವರಿಗೆ ಕೇಳುವಂತೆ ತೋಳಿನ ಕಲೆಗಳ ಬಗ್ಗೆ ಮಾತನಾಡುತ್ತಾರೆ. ಯಾವ ನಾಳ ಉಳಿದಿದೆಯೆಂದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿರುತ್ತದೆ, ಆದರೆ ಅವನನ್ನು ಕೇಳುವವರಿಲ್ಲ. ಮೂರು ತಿಂಗಳಿಗೊಮ್ಮೆ ಈ ಅವಮಾನವನ್ನು ಅನುಭವಿಸಲು ಯಾರು ತಾನೇ ಬರುತ್ತಾರೆ? ಬೆರಳ ತುದಿಯ ಒಂದು ಹನಿ ರಕ್ತದಿಂದ ಎಚ್‌ಐವಿ ಪರೀಕ್ಷೆ ಮಾಡಬಹುದಾದ ಕಡೆಯಲ್ಲೂ ಹಳೆಯ ಪದ್ಧತಿಯೇ ನಡೆಯುತ್ತಿರುವುದು ನನಗೆ ಅಕ್ಷಮ್ಯವೆನಿಸುತ್ತದೆ.

ಮಾತ್ರೆ ಕೈಗೆ ಬಂದ ಮೇಲಿನ ಕಥೆ ಬೇರೆ. ಮನೆಯಿಲ್ಲದವರ ಚೀಲ ಕಳುವಾಗುತ್ತದೆ, ಮಳೆಯಲ್ಲಿ ನೆನೆಯುತ್ತದೆ, ಬೀದಿ ತೆರವುಗೊಳಿಸುವಾಗ ಹಾಸಿಗೆಯ ಜೊತೆಗೆ ಔಷಧವೂ ಕಸದ ಗಾಡಿ ಸೇರುತ್ತದೆ. ಬಂಧನವಾದರೆ ಮಾತ್ರೆ ಅಲ್ಲಿಗೆ ನಿಂತಂತೆಯೇ. ಡಬ್ಬಿಯನ್ನು ಬೇರೆಯವರು ನೋಡಿದರೆ "ಇವನಿಗೆ ಏಡ್ಸ್ ಇದೆ" ಎಂಬ ಮಾತು ಹಬ್ಬಿ, ಜೊತೆಯಲ್ಲಿ ಮಲಗಲೂ ಬಿಡದ ಪರಿಸ್ಥಿತಿ ಬರುತ್ತದೆ. ಮೊದಲ ಕೆಲವು ವಾರಗಳಲ್ಲಿ ಕೆಲವರಿಗೆ ಈ ಮಾತ್ರೆಯಿಂದ ಆಗುವ ವಾಕರಿಕೆಯೂ ಮಾದಕ ವಸ್ತುವಿನ ಡೋಸ್ ತಪ್ಪಿದಾಗಿನ ವಾಕರಿಕೆಯೂ ಒಂದೇ ರೀತಿ ಇರುವುದರಿಂದ, ಇದು ಯಾವುದರ ಬಾಧೆಯೆಂದು ತಿಳಿಯದೆ ಮಾತ್ರೆ ಬಿಡುವವರೂ ಇದ್ದಾರೆ.

ಶಿಸ್ತಿಲ್ಲ ಎಂಬ ಮಾತಿಗೆ ಬರುತ್ತೇನೆ. ಇದೇ ಜನರು ಮೆಥಡೋನ್‌ಗಾಗಿ ದಿನವೂ ಒಂದೇ ಸಮಯಕ್ಕೆ, ಕೆಲವೊಮ್ಮೆ ಊರಿನ ಇನ್ನೊಂದು ತುದಿಯಿಂದ, ಚಿಕಿತ್ಸಾ ಕೇಂದ್ರಕ್ಕೆ ಬರುತ್ತಾರೆ. ಬ್ಯಾಂಕಾಕಿನ ಅಧ್ಯಯನದಲ್ಲೂ ಬಹುಪಾಲು ಅವಧಿಯಲ್ಲಿ ಮಾತ್ರೆಯನ್ನು ಸಿಬ್ಬಂದಿಯ ಎದುರೇ ನುಂಗುವ ಏರ್ಪಾಡಿತ್ತು. ಅವರು ದಿನವೂ ಬರುವ ಜಾಗದಲ್ಲೇ ಪ್ರೆಪ್ ಕೊಟ್ಟು ನೋಡದೆ, ಬೇರೆ ಕಟ್ಟಡಕ್ಕೆ ಕಳಿಸಿ, ಬಾರದಿದ್ದಾಗ ಅಶಿಸ್ತು ಎನ್ನುವುದು ನ್ಯಾಯವಲ್ಲ.

ಉತ್ತರ
ಬರೆದವರು: ಹಳೆಯ_ಬಳಕೆದಾರ

ಮೇಲಿನವರು ಹೇಳಿದ್ದರಲ್ಲಿ ಬಹುಪಾಲನ್ನು ನಾನು ಅನುಭವಿಸಿದ್ದೇನೆ. ಆದರೆ ಇಬ್ಬರೂ ಹೇಳದ ಒಂದು ಅಂಶವಿದೆ. ನಮ್ಮಲ್ಲಿ ಕೆಲವರು ಪ್ರೆಪ್ ಅನ್ನು ತಿಳಿಯದೆ ಬಿಟ್ಟಿದ್ದಲ್ಲ, ತಿಳಿದೂ ಅನುಮಾನದಿಂದ ದೂರವಿಟ್ಟಿದ್ದು.

ಬ್ಯಾಂಕಾಕಿನ ಅಧ್ಯಯನವನ್ನೇ ತೆಗೆದುಕೊಳ್ಳಿ. ಭಾಗವಹಿಸಿದವರಿಗೆ ಆಪ್ತಸಲಹೆ ಕೊಟ್ಟರು, ಕಾಂಡೋಮ್ ಕೊಟ್ಟರು, ಮೆಥಡೋನ್ ಕೊಟ್ಟರು, ಸೂಜಿ ತೊಳೆಯಲು ಬ್ಲೀಚ್ ಕೊಟ್ಟರು. ಹೊಸ ಸೂಜಿಯನ್ನು ಮಾತ್ರ ಕೊಡಲಿಲ್ಲ, ಏಕೆಂದರೆ ಅಲ್ಲಿನ ಸರ್ಕಾರದ ನೀತಿ ಅದನ್ನು ಒಪ್ಪುತ್ತಿರಲಿಲ್ಲ. ಸ್ವಚ್ಛವಾದ ಸೂಜಿ ಸೋಂಕನ್ನು ತಡೆಯುತ್ತದೆಂಬುದು ಅಧ್ಯಯನ ಆರಂಭವಾಗುವುದಕ್ಕೆ ಬಹಳ ಮೊದಲೇ ತಿಳಿದಿತ್ತು. ಬಳಕೆದಾರರ ಸಂಘಟನೆಗಳು ಆಗಲೇ ಇದನ್ನು ಪ್ರಶ್ನಿಸಿದ್ದವು. ಮುಂದೆ ಮಾದಕ ವಸ್ತು ಬಳಸುವವರ ಅಂತರರಾಷ್ಟ್ರೀಯ ಜಾಲವು, ಪ್ರೆಪ್ ಅನ್ನು ಸೂಜಿ ವಿನಿಮಯದ ಬದಲಿಗೆ ತಂದು ನಿಲ್ಲಿಸುವ ಅಪಾಯವಿದೆಯೆಂದು ತನ್ನ ಕಳವಳವನ್ನು ಬಹಿರಂಗವಾಗಿ ದಾಖಲಿಸಿತು. ಸೂಜಿಗೆ ಹಣವಿಲ್ಲ, ಮಾತ್ರೆಗೆ ಹಣವಿದೆ ಎಂಬ ಉತ್ತರ ಕೇಳಿ ಬೇಸತ್ತವರಿಗೆ ಈ ಕಳವಳ ಅತಿಶಯವೆನಿಸುವುದಿಲ್ಲ. ಎಚ್‌ಐವಿಯನ್ನು ಮಾತ್ರ ತಡೆಯುವ ಮಾತ್ರೆಯು ಹೆಪಟೈಟಿಸ್ ಸಿಯನ್ನಾಗಲಿ, ಚರ್ಮದ ಕೀವುಗಂಟನ್ನಾಗಲಿ, ಹೃದಯದ ಕವಾಟಕ್ಕೆ ತಗಲುವ ಸೋಂಕನ್ನಾಗಲಿ, ಅತಿಡೋಸಿನ ಸಾವನ್ನಾಗಲಿ ತಡೆಯುವುದಿಲ್ಲ. ಸ್ವಚ್ಛವಾದ ಸೂಜಿ ಇವುಗಳಲ್ಲಿ ಮೊದಲ ಮೂರನ್ನು ಕಡಿಮೆ ಮಾಡುತ್ತದೆ, ಸೂಜಿ ಕೊಡುವ ಕೇಂದ್ರವು ಅತಿಡೋಸಿನ ಪರಿಣಾಮವನ್ನು ಇಳಿಸುವ ನಾಲೊಕ್ಸೋನ್ ಎಂಬ ಔಷಧವನ್ನೂ ಕೊಟ್ಟರೆ ನಾಲ್ಕನೆಯದನ್ನೂ ಕಡಿಮೆ ಮಾಡುತ್ತದೆ.

ಅಮೆರಿಕದ ಇಂಡಿಯಾನಾ ರಾಜ್ಯದ ಸ್ಕಾಟ್ ಕೌಂಟಿಯಲ್ಲಿ 2014ರ ಕೊನೆಯಿಂದ ಆರಂಭವಾದ ಹರಡುವಿಕೆಯಲ್ಲಿ, ಆಕ್ಸಿಮಾರ್ಫೋನ್ ಎಂಬ ಪ್ರಬಲ ನೋವುನಿವಾರಕ ಮಾತ್ರೆಯನ್ನು ಕರಗಿಸಿ ಚುಚ್ಚಿಕೊಳ್ಳುತ್ತಿದ್ದ 200ಕ್ಕೂ ಹೆಚ್ಚು ಮಂದಿಗೆ ಎಚ್‌ಐವಿ ತಗಲಿತು. ಆಗ ಆ ರಾಜ್ಯದಲ್ಲಿ ಸೂಜಿ ವಿನಿಮಯಕ್ಕೆ ಕಾನೂನಿನ ಅವಕಾಶವೇ ಇರಲಿಲ್ಲ. ತುರ್ತುಸ್ಥಿತಿ ಘೋಷಿಸಿದ ಮೇಲೆ ಅವಕಾಶ ಕೊಟ್ಟರು, ಹರಡುವಿಕೆ ತಗ್ಗಿತು, 2021ರಲ್ಲಿ ಅದೇ ಕೌಂಟಿಯ ಆಡಳಿತ ಮಂಡಳಿ ಆ ಕಾರ್ಯಕ್ರಮವನ್ನು ಮುಚ್ಚಲು ಮತ ಹಾಕಿತು. ಇಂಥ ನಿರ್ಧಾರಗಳನ್ನು ನೋಡಿದವರಿಗೆ "ನಿಮ್ಮ ಹಿತಕ್ಕಾಗಿ ಹೊಸ ಮಾತ್ರೆ ತಂದಿದ್ದೇವೆ" ಎಂಬ ಮಾತು ಸುಲಭವಾಗಿ ನಂಬಿಕೆ ಹುಟ್ಟಿಸುವುದಿಲ್ಲ.

ಇನ್ನೊಂದು ಭಯ ಕಾನೂನಿನದು. ಪ್ರೆಪ್ ಕೇಳುವುದೆಂದರೆ "ನಾನು ಚುಚ್ಚಿಕೊಳ್ಳುತ್ತೇನೆ" ಎಂದು ದಾಖಲೆಯಲ್ಲಿ ಬರೆಸಿದಂತೆ. ಬಳಕೆಯೇ ಅಪರಾಧವಾಗಿರುವ ಕಡೆ ಆ ದಾಖಲೆ ಯಾರ ಕೈಗೆ ಸಿಗುತ್ತದೆ? ಮಕ್ಕಳಿರುವ ತಾಯಿ ಇದನ್ನು ವೈದ್ಯರ ಮುಂದೆ ಹೇಳಿದರೆ ಮಕ್ಕಳು ಅವಳ ಬಳಿ ಉಳಿಯುತ್ತಾರೆಯೇ? ಈ ಪ್ರಶ್ನೆಗಳಿಗೆ ಲಿಖಿತ ಭರವಸೆ ಸಿಗುವವರೆಗೆ ನಾನು ಯಾರಿಗೂ ಬಾಯಿಬಿಡಲು ಹೇಳುವುದಿಲ್ಲ. ಹಾಗೆಂದು ನಾನು ಪ್ರೆಪ್‌ನ ವಿರೋಧಿಯಲ್ಲ. ಸೂಜಿಯ ಜೊತೆಗೆ ಕೊಡಿ, ಸೂಜಿಯ ಬದಲಿಗೆ ಬೇಡ.

ಉತ್ತರ
ಬರೆದವರು: ಸೂಜಿಕೇಂದ್ರದ_ಕೆಲಸಗಾರ

ಹಳೆಯ ಬಳಕೆದಾರರ ಕೊನೆಯ ಮಾತನ್ನು ಒಪ್ಪುತ್ತೇನೆ. ಅವರು ತಾಯಂದಿರ ಮಾತೆತ್ತಿದ್ದರಿಂದ ಹೆಂಗಸರ ಬಗ್ಗೆ ಎರಡು ಮಾತು. ಅನೇಕರಿಗೆ ಚುಚ್ಚುವುದು ಸಂಗಾತಿಯೇ. ಅವನು ಮೊದಲು ಚುಚ್ಚಿಕೊಂಡು ಅದೇ ಸೂಜಿಯನ್ನು ಇವಳಿಗೆ ಬಳಸುತ್ತಾನೆ. ಹಣಕ್ಕಾಗಿ ಲೈಂಗಿಕ ಸಂಪರ್ಕ ಬೆಳೆಸಬೇಕಾದವರಿಗೆ ಅಪಾಯ ಎರಡು ಕಡೆಯಿಂದಲೂ ಬರುತ್ತದೆ. ಕಾಂಡೋಮ್‌ಗೆ ಗಿರಾಕಿ ಒಪ್ಪಬೇಕು, ಹೊಸ ಸೂಜಿಗೆ ಸಂಗಾತಿ ಒಪ್ಪಬೇಕು, ಪ್ರೆಪ್‌ಗೆ ಯಾರ ಒಪ್ಪಿಗೆಯೂ ಬೇಕಿಲ್ಲ. ಈ ಕಾರಣದಿಂದಲೇ ನಾನು ಅದರ ಪರ. ಫಿಲಡೆಲ್ಫಿಯಾದಲ್ಲಿ ಸೂಜಿ ವಿನಿಮಯ ಕೇಂದ್ರದಲ್ಲೇ ಹೆಂಗಸರಿಗೆ ಪ್ರೆಪ್ ಕೊಟ್ಟು ನೋಡಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಿಕೊಂಡರು. ಆದರೆ ಮೂತ್ರ ಪರೀಕ್ಷೆಯಲ್ಲಿ ನಿಯಮಿತ ಬಳಕೆ ಕಂಡುಬಂದದ್ದು ಕೆಲವರಲ್ಲಿ ಮಾತ್ರ. ಬೇಡವೆನ್ನುವವರು ಕಡಿಮೆ, ಮುಂದುವರಿಸಲು ಆಗದವರು ಹೆಚ್ಚು ಎಂದು ನಾನು ಇದನ್ನು ಓದುತ್ತೇನೆ.

ಬ್ಯಾಂಕಾಕಿನಲ್ಲೂ ಪ್ರಯೋಗ ಮುಗಿದ ಮೇಲೆ, ಔಷಧ ಕೆಲಸ ಮಾಡುತ್ತದೆಂದು ತಿಳಿಸಿ ಮತ್ತೆ ಕರೆದಾಗ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನು ಆರಂಭಿಸಿದರು. ಹೆರಾಯಿನ್ ಚುಚ್ಚಿಕೊಳ್ಳುತ್ತಿದ್ದವರು ಮತ್ತು ಸೆರೆಮನೆಯಲ್ಲಿದ್ದವರು ಉಳಿದವರಿಗಿಂತ ಹೆಚ್ಚಾಗಿ ಮುಂದೆ ಬಂದರು. ಅಂದರೆ ತಮ್ಮ ಅಪಾಯ ಅವರಿಗೇ ಗೊತ್ತಿತ್ತು.

ಮರುಪ್ರಶ್ನೆ
ಕೇಳಿದವರು: ಸಮಾಜಕಾರ್ಯ_ವಿದ್ಯಾರ್ಥಿನಿ

ಮೂವರಿಗೂ ಕೃತಜ್ಞಳಾಗಿದ್ದೇನೆ. ಮಾತ್ರೆ ಕಳೆದುಹೋಗುವುದು, ತಪ್ಪಿಹೋಗುವುದು, ಬೇರೆಯವರ ಕಣ್ಣಿಗೆ ಬೀಳುವುದೇ ದೊಡ್ಡ ತೊಡಕಾದರೆ, ಎರಡು ತಿಂಗಳಿಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಚುಚ್ಚುಮದ್ದುಗಳು ಈ ಗುಂಪಿಗೆ ಎಲ್ಲಕ್ಕಿಂತ ಮೊದಲು ಸಿಗಬೇಕಿತ್ತಲ್ಲವೇ?

ಉತ್ತರ
ಬರೆದವರು: ಔಷಧಾಲಯದ_ಕಿಟಕಿ

ಸಿಗಬೇಕಿತ್ತು, ಆದರೆ ಆದದ್ದು ತಿರುವುಮುರುವು. ಎರಡು ತಿಂಗಳಿಗೊಮ್ಮೆ ಕೊಡುವ ಕ್ಯಾಬೊಟೆಗ್ರಾವಿರ್‌ಗೆ ಅಮೆರಿಕದಲ್ಲಿ 2021ರ ಡಿಸೆಂಬರ್‌ನಲ್ಲೂ, ಆರು ತಿಂಗಳಿಗೊಮ್ಮೆ ಚರ್ಮದಡಿಗೆ ಕೊಡುವ ಲೆನಾಕಾಪಾವಿರ್‌ಗೆ 2025ರ ಜೂನ್‌ನಲ್ಲೂ ಒಪ್ಪಿಗೆ ಸಿಕ್ಕಿತು. ಎರಡೂ ಒಪ್ಪಿಗೆಗಳ ಪಠ್ಯದಲ್ಲಿರುವುದು ಲೈಂಗಿಕ ಮಾರ್ಗದಿಂದ ಬರುವ ಎಚ್‌ಐವಿ ಎಂಬ ಮಾತು, ಏಕೆಂದರೆ ಪ್ರಯೋಗಗಳು ನಡೆದದ್ದು ಅದರ ಮೇಲೆಯೇ. ಲೆನಾಕಾಪಾವಿರ್‌ನ ಮೊದಲ ದೊಡ್ಡ ಪ್ರಯೋಗವು ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದ ಯುವತಿಯರಲ್ಲಿ ನಡೆದು, ಔಷಧ ಪಡೆದ 2,134 ಮಂದಿಯಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. ಚುಚ್ಚಿಕೊಳ್ಳುವವರಿಗಾಗಿಯೇ ರೂಪಿಸಿದ ಪ್ರಯೋಗ ಅದೇ ಸರಣಿಯಲ್ಲಿ ನಾಲ್ಕನೆಯದಾಗಿ ಬಂದಿತು. ಪ್ರಯೋಗದಲ್ಲಿ ಸೇರಿಸಿಕೊಳ್ಳದಿದ್ದರೆ ಪುರಾವೆ ಹುಟ್ಟುವುದಿಲ್ಲ, ಪುರಾವೆಯಿಲ್ಲವೆಂದು ಒಪ್ಪಿಗೆಯ ಪಠ್ಯದಲ್ಲಿ ಸೇರಿಸುವುದಿಲ್ಲ, ಪಠ್ಯದಲ್ಲಿಲ್ಲವೆಂದು ಹಣ ತುಂಬುವವರು ಹಿಂಜರಿಯುತ್ತಾರೆ. ಆದರೂ, ಸೂಜಿಯ ಅಪಾಯವಿರುವ ಬಹುಪಾಲು ಜನರಿಗೆ ಲೈಂಗಿಕ ಅಪಾಯವೂ ಇರುವುದರಿಂದ, ಆ ಆಧಾರದ ಮೇಲೆ ಬರೆದುಕೊಡಲು ವೈದ್ಯರಿಗೆ ಅಡ್ಡಿಯಿಲ್ಲ.

ಒಂದು ಎಚ್ಚರಿಕೆ ಅಗತ್ಯ. ಯಕೃತ್ತಿನಲ್ಲಿ ಅನೇಕ ಔಷಧಗಳನ್ನು ಒಡೆಯುವ ಸಿವೈಪಿ3ಎ ಎಂಬ ಕಿಣ್ವವನ್ನು ಲೆನಾಕಾಪಾವಿರ್ ಮಧ್ಯಮ ಮಟ್ಟದಲ್ಲಿ ತಡೆಯುತ್ತದೆ. ಫೆಂಟನಿಲ್‌ನಂಥ ಕೆಲವು ಓಪಿಯಾಯ್ಡ್‌ಗಳು (ಅಫೀಮಿನ ಜಾತಿಯ ಔಷಧಗಳು) ಇದೇ ಕಿಣ್ವದಿಂದ ಒಡೆಯುವುದರಿಂದ ಅವು ದೇಹದಲ್ಲಿ ಹೆಚ್ಚು ಹೊತ್ತು ಉಳಿಯಬಹುದು. ಔಷಧವನ್ನು ನಿರಾಕರಿಸಲು ಇದು ಕಾರಣವಲ್ಲ. ಮುಚ್ಚುಮರೆಯಿಲ್ಲದೆ ತಿಳಿಸಿ ನಾಲೊಕ್ಸೋನ್ ಕೈಗೆ ಕೊಡಲು ಕಾರಣ. ಬಳಕೆಯ ಬಗ್ಗೆ ಭಯವಿಲ್ಲದೆ ಹೇಳಿಕೊಳ್ಳಬಹುದಾದ ವಾತಾವರಣ ಇಲ್ಲದ ಕಡೆ ಈ ಸಂಭಾಷಣೆ ನಡೆಯುವುದೇ ಇಲ್ಲ ಎಂಬುದು ಬೇರೆ ಮಾತು.

ಉತ್ತರ
ಬರೆದವರು: ಹಳೆಯ_ಬಳಕೆದಾರ

ಚುಚ್ಚುಮದ್ದಿನ ಬಗ್ಗೆ ನನ್ನ ಗೆಳೆಯರಲ್ಲಿ ಎರಡು ಅಭಿಪ್ರಾಯಗಳಿವೆ. ಕೆಲವರಿಗೆ ಆರು ತಿಂಗಳು ಯಾವ ಡಬ್ಬಿಯನ್ನೂ ಬಚ್ಚಿಡಬೇಕಿಲ್ಲ ಎಂಬುದೇ ದೊಡ್ಡ ಸಮಾಧಾನ; ಬಂಧನವಾದರೂ ಔಷಧ ದೇಹದಲ್ಲೇ ಇರುತ್ತದೆ. ಸೂಜಿಯನ್ನು ಬಿಟ್ಟು ಹೊರಬಂದ ಕೆಲವರಿಗೆ ಮಾತ್ರ, ಮತ್ತೆ ಸೂಜಿ ನೋಡುವುದು, ಮೈಗೆ ಅದು ತಾಗುವುದು, ಹಳೆಯ ತುಡಿತವನ್ನು ಕೆರಳಿಸುತ್ತದೆ. ಅಂಥವರಿಗೆ ಮಾತ್ರೆಯೇ ಮೇಲು. ಆದ್ದರಿಂದ ನೀವು ಇದರ ಬಗ್ಗೆ ಅಧ್ಯಯನ ಮಾಡುವುದಾದರೆ, ಜನರನ್ನು ಸಂದರ್ಶಿಸುವಾಗ ಇವೆರಡರಲ್ಲಿ ಯಾವುದು ಉತ್ತಮವೆಂದು ಕೇಳುವ ಬದಲು, ಆಯ್ಕೆ ಮಾಡಿಕೊಳ್ಳಲು ಎರಡೂ ಅವರ ಮುಂದಿದ್ದವೇ ಎಂದು ಕೇಳಿ. ಸಂದರ್ಶನವನ್ನು ಆಸ್ಪತ್ರೆಯ ಕೋಣೆಯಲ್ಲಿ ಇಟ್ಟುಕೊಳ್ಳಬೇಡಿ. ಸೂಜಿ ಕೊಡುವ ಕೇಂದ್ರದಲ್ಲಿ, ಬೆಳಗಿನ ಡೋಸ್ ಮುಗಿದ ಮೇಲೆ, ಅವರಿಗೆ ಪರಿಚಯವಿರುವ ಒಡನಾಡಿ ಕಾರ್ಯಕರ್ತರನ್ನು ಜೊತೆಗಿಟ್ಟುಕೊಂಡು ಕುಳಿತರೆ, ಹೆಸರು ಬರೆದುಕೊಳ್ಳುವುದಿಲ್ಲವೆಂದು ಮೊದಲೇ ತಿಳಿಸಿದರೆ, ಜನರು ಮಾತನಾಡುತ್ತಾರೆ.